ಒಬೇಸನ್ಸ್ ಮತ್ತು ನಮ್ಮಜ್ಜಿಯ ಚಪ್ಪಲಿ

ಮೊನ್ನೆ ತರಗತಿಯಲ್ಲಿ, ಹಳೇಬೀಡಿನಿಂದ ಬರುವ ಹುಡುಗಿಯೊಬ್ಬಳು ಮಡಚಿದ ಕಾಗದವೊಂದನ್ನು ನನ್ನ ಮುಂದೆ ಹಿಡಿದಳು. ದೇವಸ್ಥಾನದ ಹತ್ತಿರ ಪ್ರವಾಸಿಗರಿಗೆ ಕೊಡುವ ಇಂಗ್ಲಿಷ್ ಕರಪತ್ರ. ಯಾವುದೋ ಶಿಲ್ಪದ ವಿವರಣೆಯಲ್ಲಿದ್ದ ‘ಒಬೇಸನ್ಸ್’ ಎಂಬ ಪದದ ಕೆಳಗೆ ಗೆರೆ ಎಳೆದಿದ್ದಳು. “ಹಿಂಗಂದ್ರೇನು ಮೇಡಂ?” ನಾನು ಕೈ ಮುಗಿದು ಸೊಂಟ ಬಗ್ಗಿಸಿ ತೋರಿಸಿದೆ. ಮಕ್ಕಳೆಲ್ಲ ನಕ್ಕರು. ಅರಸೀಕೆರೆಯಲ್ಲಿ ಇಂಗ್ಲಿಷ್ ಕಲಿಸುವ ನಮ್ಮಂಥವರು ಅರ್ಧ ಪಾಠವನ್ನು ಅಭಿನಯದಲ್ಲೇ ಮುಗಿಸುತ್ತೇವೆ, ಬೈಯಬೇಡಿ.

ಆಮೇಲೆ ಮನಸ್ಸು ಕೇಳದೆ ಸ್ಟಾಫ್ ರೂಮಿನ ದಪ್ಪ ನಿಘಂಟು ತೆಗೆದೆ. ಗೌರವದಿಂದ ತಲೆಬಾಗುವುದು ಎಂಬ ಅರ್ಥ ಆಮೇಲೆ ಬಂದದ್ದಂತೆ. ಮೊದಲು ಅದಕ್ಕೆ ವಿಧೇಯತೆ ಎಂದಷ್ಟೇ ಅರ್ಥ. ಫ್ರೆಂಚಿನಿಂದ ಬಂದ ಪದ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನಲ್ಲಿ ಕಿವಿಗೊಡುವುದು ಎಂಬ ಮೂಲ ಸಿಗುತ್ತದೆ. ಒಬ್ಬ ಅಪ್ಪಣೆ ಕೊಡಿಸುತ್ತಾನೆ, ಇನ್ನೊಬ್ಬ ಕಿವಿಗೊಡುತ್ತಾನೆ, ಕಿವಿಗೊಟ್ಟೂ ಕೊಟ್ಟೂ ಅವನ ಬೆನ್ನು ಬಾಗುತ್ತದೆ. ಪುಸ್ತಕ ಮುಚ್ಚಿದೆ. ನಮ್ಮಜ್ಜಿ ನೆನಪಾದಳು.

ಗಂಡಸಿ ಹತ್ತಿರದ ನಮ್ಮೂರಿನಲ್ಲಿ ಗೌಡರ ಮನೆ ಬಂತೆಂದರೆ ನಮ್ಮ ಕೇರಿಯವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ಮನೆ ದಾಟಿದ ಮೇಲೆ ಮೆಟ್ಟಿಕೊಳ್ಳಬೇಕು. ಇದು ತೊಂಬತ್ತರ ದಶಕದ ಮಾತು, ತಾತನ ಕಾಲದ್ದಲ್ಲ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ ನಾವು ಅರಸೀಕೆರೆಗೆ ಬಂದೆವು, ಮನೆಗೆ ಬುದ್ಧನ ಪಟವೂ ಬಂತು. ಅಜ್ಜಿ ಮಾತ್ರ ಚಿಕ್ಕಪ್ಪನ ಜೊತೆ ಊರಿನಲ್ಲೇ ಉಳಿದಳು. ಚಿಕ್ಕಪ್ಪ ಗೌಡರ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ಗೌಡರು ಮುನಿಸಿಕೊಂಡರೆ ಆ ಕೂಲಿ ಹೋಗುತ್ತಿತ್ತು.

ಕಾಲೇಜಿನ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ನಾವಿಬ್ಬರೂ ಗೌಡರ ಮನೆ ದಾಟುವಾಗ ಅಜ್ಜಿ ಎಂದಿನಂತೆ ಚಪ್ಪಲಿ ಕಳಚಲು ಬಗ್ಗಿದಾಗ ಜಗಲಿಯ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ ಗೌಡರು, “ಹಾಕ್ಕಂಡೇ ಹೋಗೇ ಕೆಂಪಿ, ನೆಲ ಕಾದೈತೆ” ಎಂದರು.

“ಇರ್ಲಿ ಬುದ್ದಿ,” ಎಂದು ಅಜ್ಜಿ ಬರಿಗಾಲಲ್ಲೇ ಹೊರಟಳು.

ನನಗೆ ಮೈಯೆಲ್ಲ ಉರಿಯಿತು. ಅವರೇ ಹೇಳಿದರೂ ಹಾಕಿಕೊಳ್ಳದಷ್ಟು ಹೆದರಿಕೆಯೇ ಎಂದು, ಆಗಷ್ಟೇ ಕಲಿತಿದ್ದ ಭಾಷಣವನ್ನೆಲ್ಲ ಅವಳ ಮೇಲೆ ಸುರಿದೆ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಕೇಳಿಸಿಕೊಂಡಳು.

“ಬಿಡು ಅಂದಾಗ ಬಿಟ್ಟು, ಹಾಕ್ಕ ಅಂದಾಗ ಹಾಕ್ಕಂಡ್ರೆ ಎರಡೂ ಅವ್ರ ಅಪ್ಪಣೆನೇ ಆಯ್ತಲ್ಲೇ. ನಂಗೆ ಅನ್ನಿಸ್ದಾಗ ಹಾಕ್ಕತ್ತೀನಿ, ಸುಮ್ಕಿರು.”

ರಜೆ ಮುಗಿಸಿ ಹೊರಟ ದಿನ ಅಜ್ಜಿ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಚಿಕ್ಕಪ್ಪ ನನ್ನ ಚೀಲ ಹೊತ್ತು ಹಿಂದೆ ಬರುತ್ತಿದ್ದ. ಗೌಡರ ಮನೆ ಬಂತು. ಅಜ್ಜಿ ಬಗ್ಗಲಿಲ್ಲ. “ಅವ್ವಾ, ಚಪ್ಲಿ” ಎಂದು ಚಿಕ್ಕಪ್ಪ ಪಿಸುಗುಟ್ಟಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಜ್ಜಿ ಚಪ್ಪಲಿ ಮೆಟ್ಟಿಕೊಂಡೇ ಜಗಲಿಯ ಎದುರು ನಿಂತು ಕೈ ಮುಗಿದಳು.

“ಮಂಡಿ ನೋವು ಹೆಂಗೈತೆ ಗೌಡ್ರೇ?”

ಬುದ್ದಿ ಎನ್ನಲಿಲ್ಲ. ಗೌಡರು ಅವಳ ಕಾಲನ್ನು ನೋಡಿದರು, ಮುಖವನ್ನೂ ನೋಡಿದರು.

“ಹಂಗೇ ಐತೆ ಕಣಮ್ಮ,” ಎಂದರು.

ಚಿಕ್ಕಪ್ಪನ ಕೂಲಿ ಹೋಗಲಿಲ್ಲ. ಹೋಗಿದ್ದರೆ ಅಜ್ಜಿ ಏನು ಮಾಡುತ್ತಿದ್ದಳೋ ನಾನರಿಯೆ. ಆದರೆ ಆ ನಮಸ್ಕಾರದಂಥ ನಮಸ್ಕಾರವನ್ನು ನಾನು ಮತ್ತೆ ಕಂಡಿಲ್ಲ. ನೋವಿರುವ ಮುದುಕನೊಬ್ಬನಿಗೆ ಒಬ್ಬ ಮುದುಕಿ ತಾನಾಗಿ ಕೊಟ್ಟ ಮರ್ಯಾದೆ ಅದು.

ನಿಘಂಟು ನೋಡಿದ ಮರುದಿನ ತರಗತಿಯಲ್ಲಿ ಆ ಪದದ ಹುಟ್ಟು ಬೆಳವಣಿಗೆಯನ್ನೆಲ್ಲ ಹೇಳಿದೆ. ಹುಡುಗಿ ಬರೆದುಕೊಂಡಳು. ಅಲ್ಲಿಗೆ ಮುಗಿಸಬಹುದಿತ್ತು. ಇಷ್ಟು ವರ್ಷ ಪಾಠ ಮಾಡಿದರೂ ನಾನು ಎಲ್ಲಿಯವಳು ಎಂಬುದನ್ನು ಆ ಗೋಡೆಗಳ ನಡುವೆ ಬಾಯಿಬಿಟ್ಟಿರಲಿಲ್ಲ. ಊರು ಗಂಡಸಿ ಕಡೆ ಎಂದು ತೇಲಿಸಿಬಿಡುತ್ತಿದ್ದೆ. ಅಂದು ಯಾರೂ ಕೇಳಲಿಲ್ಲ, ಹೇಳಿ ಎಂದು ಯಾರೂ ಒತ್ತಾಯಿಸಲೂ ಇಲ್ಲ. ಗಂಟಲು ಸರಿಮಾಡಿಕೊಂಡು ನಾನೇ ಶುರುಮಾಡಿದೆ: “ನಮ್ಮೂರ ಹೊಲಗೇರಿಯಲ್ಲಿ ನಮ್ಮಜ್ಜಿ ಇದ್ದಳು.”