ಅರ್ಧ ತಾಸು ಮುಂದೆ ಹುಟ್ಟಿದ ಪ್ರಮಾಣಪತ್ರ

ನನ್ನ ಸೋದರತ್ತೆ ಹುಮನಾಬಾದಿನಲ್ಲಿ ವಧು-ವರರ ಕೇಂದ್ರ ನಡೆಸುತ್ತಾಳೆ. ಬಸವಕಲ್ಯಾಣದಲ್ಲಿ ಕೂತು ಅದರ ಜಾಲತಾಣ ನೋಡಿಕೊಳ್ಳುವವಳು ನಾನು. ಜಾಲತಾಣ ನನ್ನ ಕಂಪ್ಯೂಟರಿನಲ್ಲಿದೆ, ಗಂಡು-ಹೆಣ್ಣುಗಳ ವಿವರವೆಲ್ಲ ತುಂಬಿದ ಡೇಟಾಬೇಸ್ ಅತ್ತೆಯ ಮನೆಯಲ್ಲಿದೆ. ಎರಡನ್ನೂ ಒಂದೇ ಕಡೆ ಇಡೋಣವೆಂದರೆ ಅವಳು ಕೇಳಲಿಲ್ಲ.

“ದಫ್ತರ ನನ್ನ ಮನ್ಯಾಗೇ ಇರ್ಬೇಕು. ನೀ ಬೇಕಂದ್ರ ಅಲ್ಲಿಂದ ನೋಡು,” ಎಂದಳು.

ಹೀಗಾಗಿ ಎರಡು ಊರುಗಳ ನಡುವೆ ವಿವರಗಳು ಓಡಾಡುತ್ತಿದ್ದವು, ಅದೂ ಮೈಮೇಲೆ ಬಟ್ಟೆಯಿಲ್ಲದೆ. ಆ ದಾರಿಯಲ್ಲಿ ಏನು ಹೋಗುತ್ತಿದೆ ಎಂದು ಒಂದು ದಿನ ಇಣುಕಿ ನೋಡಿದೆ. ‘ವರ: ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ಸಿಟ್ಟು ಸ್ವಲ್ಪ ಹೆಚ್ಚು’ ಎಂದು ಅಚ್ಚ ಕನ್ನಡದಲ್ಲಿ ಸಾಗಿಹೋಯಿತು. ಮೊದಲು ನಕ್ಕೆ, ಆಮೇಲೆ ನಾಚಿಕೆಯಾಯಿತು.

ಅದನ್ನು ಸರಿಪಡಿಸಲು ಕೂತ ದಿನವೇ ಘಾಟಬೋರಾಳದಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿಕೊಂಡು ನಾಲ್ಕು ವರ್ಷ. ತವರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಮತ್ತೆ ಮದುವೆಯಾಗಬೇಕೆಂಬ ಆಸೆ ಅವಳದೇ. ಎಲ್ಲ ಕೂಡಿಬರುವ ಮೊದಲೇ ಅಣ್ಣಂದಿರ ಕಿವಿಗೆ ಬಿದ್ದರೆ ಅಲ್ಲಿಗೇ ಮುಗಿಯಿತು. ಹುಮನಾಬಾದಿನಲ್ಲಿ ಗುರುತಿನವರ ಕಣ್ಣಿಗೆ ಬಿದ್ದೇನೆಂದು, ದಾರ-ಗುಂಡಿ ತರುವ ನೆಪ ಹೇಳಿ ನನ್ನ ಬಳಿ ಬಂದಿದ್ದಳು.

“ಅಕ್ಕಾರ, ಇದು ಯಾರಿಗೂ ಕಾಣಂಗಿಲ್ಲ ಅಲ್ರಿ?” ವಿವರ ಬರೆದ ಕಾಗದವನ್ನು ಕೊಡದೆ ಕೈಯಲ್ಲೇ ಹಿಡಿದು ಕೇಳಿದಳು.

“ಜರಾ ಕೂಡ್ರಿ. ದಾರೀಗೆ ಬೀಗ ಹಾಕಾಕತ್ತೀನಿ,” ಎಂದೆ.

ಕೆಲಸ ದೊಡ್ಡದಲ್ಲ. ದೂರದಿಂದಲೇ ಅತ್ತೆಯ ಕಂಪ್ಯೂಟರ್ ತೆರೆದು ಅದರಲ್ಲೊಂದು ಪ್ರಮಾಣಪತ್ರ ತಯಾರಿಸಿದೆ. ‘ಇದು ಅತ್ತೆಯ ಮನೆಯ ಡೇಟಾಬೇಸೇ, ಬೇರೆ ಯಾರೋ ಅಲ್ಲ’ ಎಂದು ಸಾರುವ ಪತ್ರ ಅದು. ಅದರ ನಕಲನ್ನು ನನ್ನ ಕಡೆ ತಂದುಕೊಂಡು, ಜಾಲತಾಣ ಕಟ್ಟಲು ಬಳಸಿದ ಫ್ರೇಮ್‌ವರ್ಕಿನ ಸೆಟ್ಟಿಂಗ್ಸ್ ಕಡತದಲ್ಲಿ ಎರಡು ಸಾಲು ಸೇರಿಸಿದೆ. ಮಾತೆಲ್ಲ ಗೂಢಲಿಪಿಯಲ್ಲೇ ನಡೆಯಲಿ ಎಂದು ಒಂದು, ಪತ್ರವನ್ನು ತಪಾಸಣೆ ಮಾಡದೆ ಬಾಯಿ ಬಿಡಬೇಡ ಎಂದು ಇನ್ನೊಂದು. ಚಾಲೂ ಮಾಡಿದೆ. ‘ತಪಾಸಣೆ ವಿಫಲ’ ಎಂದು ಪರದೆ ತುಂಬ ಕೆಂಪು ಸಾಲುಗಳು ಇಳಿದವು.

ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಸಾಲುಗಳನ್ನು ಓದದೆ ಅದನ್ನೂ ಇದನ್ನೂ ಬದಲಿಸಿದೆ, ಕಂಪ್ಯೂಟರನ್ನು ಬೈದೆ, ಕೊನೆಗೆ ಅತ್ತೆಗೆ ಫೋನು ಹಚ್ಚಿದೆ.

“ನಿನ್ನೆ ಪ್ರಿಂಟರ್ ಮ್ಯಾಲ ಬೆಕ್ಕು ಕುಂತಿತ್ತು ನೋಡವ್ವಾ. ಅದಕ್ಕೇ ಏನರ ಆಗಿರ್ಬೇಕು,” ಎಂದಳು.

ತಪಾಸಣೆಯ ಸಾಲೊಂದನ್ನು ಅಳಿಸಿಬಿಟ್ಟರೆ ತಕ್ಷಣ ಕೂಡಿಕೊಳ್ಳುತ್ತದೆಂದು ನನಗೆ ಗೊತ್ತಿತ್ತು. ಮಾತು ಗೂಢವಾಗಿಯೇ ಹೋಗುತ್ತದೆ. ಯಾರ ಕೈಗೆ ಹೋಗುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎದುರಿಗೆ ಕೂತಿದ್ದ ಹೆಣ್ಣುಮಗಳ ಬಸ್ಸಿಗೆ ಹೊತ್ತಾಗುತ್ತಿತ್ತು. “ಆತೇನ್ರಿ?” ಎಂದು ಕೇಳಿದಳು. ಆಯಿತು ಎನ್ನಲು ಬಾಯಿ ತೆರೆದೆ. ಅವಳು ಕಾಗದ ಹಿಡಿದಿದ್ದ ರೀತಿ ನೋಡಿ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಇನ್ನಾ ಇಲ್ರಿ,” ಎಂದು ಮೊದಲ ಸಲ ಆ ಕೆಂಪು ಸಾಲುಗಳನ್ನು ಕೊನೆಯವರೆಗೆ ಓದಿದೆ. ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲ ಎಂದಿತ್ತು. ಅತ್ತೆ ಇನ್ನೂ ಫೋನಿನಲ್ಲೇ ಇದ್ದಳು.

“ಅತ್ತಿ, ನಿಮ್ಮ ಕಂಪ್ಯೂಟರಿನ್ಯಾಗ ಟೈಮ್ ಎಷ್ಟಾಗ್ಯದ?”

“ಹನ್ನೆರಡೂವರಿ.”

ನನ್ನದರಲ್ಲಿ ಹನ್ನೆರಡು. ಆಗ ಎಲ್ಲ ತಿಳಿಯಿತು. ಅವಳ ಗಡಿಯಾರ ನೋಡಿ ಹುಟ್ಟಿದ ಪತ್ರ ನನ್ನ ಗಡಿಯಾರದ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ಎಂದೋ ಒಮ್ಮೆ ಬಸ್ಸು ತಪ್ಪಿದ ಮೇಲೆ ಅತ್ತೆ ಮನೆಯ ಗಡಿಯಾರಗಳನ್ನೆಲ್ಲ ಅರ್ಧ ತಾಸು ಮುಂದಿಟ್ಟಿದ್ದಾಳೆ. ಮನೆಯವರೆಲ್ಲ ಮನಸ್ಸಿನಲ್ಲೇ ಅರ್ಧ ತಾಸು ಕಳೆದು ಆರಾಮಾಗಿ ಕೂತು ಇಂದಿಗೂ ಬಸ್ಸು ತಪ್ಪಿಸಿಕೊಳ್ಳುತ್ತಾರೆ.

“ಗ್ವಾಡಿ ಗಡಿಯಾರ ಮುಂದ ಇದ್ದಮ್ಯಾಲ ಕಂಪ್ಯೂಟರ್ ಯಾಕ ಹಿಂದ ಉಳೀಬೇಕು? ನಾನೇ ತಿದ್ದೀನಿ,” ಎಂದಳು, ಹೆಮ್ಮೆಯಿಂದ.

ಅವಳ ಕಂಪ್ಯೂಟರಿನ ಗಡಿಯಾರವನ್ನು ಹಿಂದೆ ತಂದೆ. “ಇನ್ನ ನನ್ನ ಬಸ್ ತಪ್ಪಿದ್ರ ನೀನೇ ಜವಾಬ್ದಾರಿ,” ಎಂದು ಅವಳು ಗೊಣಗುತ್ತಿರುವಾಗಲೇ ಹೊಸ ಪ್ರಮಾಣಪತ್ರ ಮಾಡಿ ನಕಲು ತಂದುಕೊಂಡೆ. ತಪಾಸಣೆ ಪಾಸಾಗಿ ಎರಡೂ ಊರು ಕೂಡಿಕೊಂಡವು. ಮತ್ತೊಮ್ಮೆ ದಾರಿಯಲ್ಲಿ ಇಣುಕಿದೆ. ಹಲ್ಲೂ ಇಲ್ಲ, ಸಿಟ್ಟೂ ಇಲ್ಲ, ಬರೀ ಗೊಜಗೊಜ ಅಕ್ಷರ. ಕುರ್ಚಿಯಲ್ಲೇ ಕುಣಿದೆ.

ಆದರೆ ಬೀಗ ಬಿದ್ದದ್ದು ದಾರಿಗೆ. ದಾರಿಯ ಆ ತುದಿಯಲ್ಲಿ ಅತ್ತೆಯಿದ್ದಾಳೆ. ಯಾರು ಯಾರನ್ನು ಬೇಡವೆಂದರು ಎಂಬುದನ್ನು ಚಹಾ ಕುದಿಯುವುದರೊಳಗೆ ಓಣಿಗೆಲ್ಲ ಮುಟ್ಟಿಸುವವಳು ಅವಳು. ಆ ಬಾಯಿಗೆ ಹಾಕುವ ಸೆಟ್ಟಿಂಗು ಯಾವ ಫ್ರೇಮ್‌ವರ್ಕಿನಲ್ಲೂ ಇಲ್ಲ.

“ದಾರ್ಯಾಗ ಯಾರಿಗೂ ಕಾಣಂಗಿಲ್ರಿ. ನನಗ ಮತ್ತ ನಮ್ಮ ಅತ್ತಿಗೆ ಅಷ್ಟೇ ಕಾಣತದ,” ಎಂದು ಆ ಹೆಣ್ಣುಮಗಳಿಗೆ ಇದ್ದದ್ದನ್ನು ಹೇಳಿದೆ. ಅವಳು ಕಾಗದ ಕೊಟ್ಟಳು. ಅವಳು ಹೋದ ಮೇಲೆ ಅತ್ತೆಗೆ ಮತ್ತೆ ಫೋನು ಮಾಡಿ, ಇದೊಂದು ವಿಷಯ ಯಾರ ಮುಂದೆಯೂ ಆಡಬೇಡಿ ಎಂದು ಬೇಡಿಕೊಂಡೆ. ಕೈಮುಗಿಯುವುದೊಂದು ಬಾಕಿ. ಅತ್ತೆ “ಹ್ಞೂಂ” ಅಂದಳಷ್ಟೇ. ನನಗೆ ನಂಬಿಕೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಆ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಕಾಣಲಿಲ್ಲ. ಹೆದರಿಕೊಂಡೇ ಹುಮನಾಬಾದಿಗೆ ಹೋಗಿ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ, ಘಾಟಬೋರಾಳದವಳ ಮಾತು ಏನಾಯಿತೆಂದು ಕೇಳಿದೆ.

“ಯಾವ ಘಾಟಬೋರಾಳ?” ಎಂದು ಅತ್ತೆ ಮೆಂತ್ಯ ಸೋಸತೊಡಗಿದಳು.

ಮುರಿದೇ ಹೋಯಿತೆಂದುಕೊಂಡು ಸಂಕಟಪಡುತ್ತ ಮನೆಗೆ ಬಂದೆ. ಮರುದಿನ ಘಾಟಬೋರಾಳದವಳದೇ ಫೋನು.

“ನಿಶ್ಚಯ ಆಗಿ ಎಂಟು ದಿನ ಆತ್ರಿ ಅಕ್ಕಾರ. ನಿಮ್ಮ ಅತ್ತಿಯೋರೇ ಮನೀಗೆ ಬಂದು ಅಣ್ಣಂದಿರನ್ನ ಒಪ್ಪಿಸಿದ್ರು. ನಿಮಗ ಹೇಳಿರ್ಬೇಕಲ್ರಿ?”

“ಇಲ್ರಿ,” ಎಂದೆ. “ನನಗೂ ಹೇಳಿಲ್ರಿ.”