ಕ್ಯಾರವಾನಿಗೆ ಬೈಕ್ ಕಟ್ಟುವ ತ್ರಿವಿಕ್ರಮ

ಬೆಳಗಿನ ಐದೂವರೆ. ಸಿಡ್ನಿಯ ಪ್ಯಾರಮಟ್ಟಾದಿಂದ ಹತ್ತು ನಿಮಿಷದ ದಾರಿಯಲ್ಲಿರುವ ಕ್ಯಾರವಾನ್ ಯಾರ್ಡೊಂದರಲ್ಲಿ ತ್ರಿವಿಕ್ರಮ ಒಂದು ಮೋಟಾರ್ ಸೈಕಲ್ಲಿನ ಪೆಟ್ರೋಲನ್ನು ಡಬ್ಬಕ್ಕೆ ಇಳಿಸುತ್ತಿದ್ದಾರೆ. ತಲೆಗೆ ಮಂಕಿ ಕ್ಯಾಪ್, ಬಾಯಲ್ಲಿ ಲವಂಗ. ಪೆಟ್ರೋಲ್ ಖಾಲಿಯಾದ ಮೇಲೆ ಹ್ಯಾಂಡಲಿನ ಬೋಲ್ಟ್ ಸಡಿಲಿಸಿ ಪಕ್ಕಕ್ಕೆ ತಿರುಗಿಸುತ್ತಾರೆ. ಇಲ್ಲದಿದ್ದರೆ ಬೈಕು ಕ್ಯಾರವಾನಿನ ಕಿರಿದಾದ ಬಾಗಿಲಲ್ಲಿ ತೂರುವುದಿಲ್ಲ. ಹಲಗೆ ಒರಗಿಸಿ, ಬೈಕನ್ನು ತಳ್ಳಿಕೊಂಡು ಒಳಗೆ ಹೋಗಿ, ಊಟದ ಮೇಜು ಕಳಚಿದ ಜಾಗದಲ್ಲಿ, ಸರಿಯಾಗಿ ಗಾಲಿಗಳ ಮೇಲಕ್ಕೆ ಬರುವಂತೆ ನಿಲ್ಲಿಸುತ್ತಾರೆ.

ಆಮೇಲೆ ಸ್ಟ್ರ್ಯಾಪ್. ಮುಂದೆ ಎರಡು, ಹಿಂದೆ ಎರಡು, ಚಕ್ರಕ್ಕೆ ಒಂದೊಂದು. ಒಟ್ಟು ಆರು. ಮುಂದಿನದನ್ನು ಬಿಗಿಯುವಾಗ ಬೈಕಿನ ಮೂತಿ ನಿಧಾನವಾಗಿ ಕೆಳಗಿಳಿಯುತ್ತದೆ. ಅರ್ಧಕ್ಕೆ ಬಂದಾಗ ಅವರು ನಿಲ್ಲಿಸುತ್ತಾರೆ. “ಸ್ಪ್ರಿಂಗ್ ಅರ್ಧ ಕೂತರೆ ಸಾಕು ಸಾರ್. ಪೂರ್ತಿ ಅದುಮಿದ್ರೆ ಅದಕ್ಕೂ ಉಸಿರು ಕಟ್ಟುತ್ತೆ, ಸ್ಟ್ರ್ಯಾಪ್‌ಗೂ ಉಸಿರು ಕಟ್ಟುತ್ತೆ” ಎಂದು, ಊರಿನ ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುತ್ತವೆ. ರಜೆ ಬಂತೆಂದರೆ ಈ ದೇಶದವರು ಅದನ್ನು ಎಳೆದುಕೊಂಡು ನದಿ ದಂಡೆಗೋ ಸಮುದ್ರದ ದಂಡೆಗೋ ಹೊರಡುತ್ತಾರೆ. ಅಲ್ಲಿ ಹಾಲು ತರಲು, ಮಣ್ಣಿನ ದಾರಿ ಸುತ್ತಲು ಒಂದು ಸಣ್ಣ ಬೈಕ್ ಜೊತೆಗಿದ್ದರೆ ಚೆನ್ನ. ಆ ಬೈಕನ್ನು ಅಷ್ಟು ದೂರ ಬೀಳದಂತೆ ಕಟ್ಟಿ ಕಳಿಸುವುದು ತ್ರಿವಿಕ್ರಮರ ಕೆಲಸ. ಸಿಡ್ನಿಯ ಕನ್ನಡಿಗರ ಮಕ್ಕಳಿಗೆ ಅವರು ‘ಸ್ಟ್ರ್ಯಾಪ್ ಅಂಕಲ್’. ದೊಡ್ಡವರಿಗೆ ಮೂರು ವರ್ಷದಿಂದ ಅವರು ಬೇರೆಯೇ ಒಂದು ಕಾರಣಕ್ಕೆ ಗೊತ್ತು. ಅವರು ಕಟ್ಟಿದ ಸ್ಟ್ರ್ಯಾಪ್ ಬಿಚ್ಚಿಕೊಂಡು ಒಂದು ಕ್ಯಾರವಾನ್ ಮಗುಚಿತು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ.

ಇವತ್ತು 1996ರ ಗುಡ್ ಫ್ರೈಡೇ. ಅವರು ಕಟ್ಟುತ್ತಿರುವುದು ಅದೇ ಮಗುಚಿದ ಕ್ಯಾರವಾನಿನ ಮಾಲೀಕರ ಬೈಕು. ಚಾಟ್ಸ್‌ವುಡ್‌ನ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಲಕ್ಷ್ಮೀಶ ಹೊಸ ಕ್ಯಾರವಾನ್ ಕೊಂಡು, ಮೂರು ವರ್ಷದ ಮೇಲೆ ಮೊದಲ ಸಲ ಈ ಯಾರ್ಡಿಗೆ ಬಂದಿದ್ದಾರೆ. ಕೈ ಕಟ್ಟಿಕೊಂಡು ದೂರ ನಿಂತಿದ್ದಾರೆ. ಬರಲು ಅವರಿಗೇನೂ ಇಷ್ಟವಿರಲಿಲ್ಲ, ಹೆಂಡತಿ ಭಾಗೀರಥಿ ಹಟ ಹಿಡಿದರು ಎಂದು ನನ್ನ ಬಳಿ ಇಂಗ್ಲಿಷಿನಲ್ಲಿ ಹೇಳುತ್ತಾರೆ. ತ್ರಿವಿಕ್ರಮರಿಗೂ ಅದು ಕೇಳಿಸುತ್ತದೆ.

ತ್ರಿವಿಕ್ರಮರಿಗೆ ಈಗ ಐವತ್ತಮೂರು. ಮೈಸೂರಿನ ಮೋಟಾರ್ ಸೈಕಲ್ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ದುಡಿದವರು. ತಯಾರಾದ ಬೈಕುಗಳನ್ನು ಲಾರಿಗೆ ಹತ್ತಿಸಿ ಕಟ್ಟುವ ವಿಭಾಗ ಅವರದು. ಅಲ್ಲಿ ಇದ್ದದ್ದು ತೆಂಗಿನ ನಾರಿನ ಹಗ್ಗ ಮತ್ತು ಗೋಣಿಚೀಲ. “ಗುವಾಹಟಿಗೆ ಹೋದ ಗಾಡಿ ಮೇಲೂ ಒಂದು ಗೀರು ಇರ್ತಿರಲಿಲ್ಲ” ಎನ್ನುವಾಗ ಮಾತ್ರ ಅವರ ದನಿ ಸ್ವಲ್ಪ ಏರುತ್ತದೆ. 1988ರಲ್ಲಿ ಹೆಂಡತಿ ಅರುಂಧತಿಗೆ ಸಿಡ್ನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಇವರು ಜೊತೆಗೆ ಬಂದರು.

ಇಲ್ಲಿ ಹೋದಲ್ಲೆಲ್ಲ ‘ಲೋಕಲ್ ಎಕ್ಸ್‌ಪೀರಿಯನ್ಸ್’ ಕೇಳಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂದು ಇವರು ಕೇಳಿದರು. ಕೊನೆಗೆ ಈ ಯಾರ್ಡಿನಲ್ಲಿ ಕ್ಯಾರವಾನ್ ತೊಳೆಯುವ ಕೆಲಸಕ್ಕೆ ಸೇರಿದರು. ಒಂದು ದಿನ ಯಾರೋ ಬೈಕನ್ನು ಕೆಟ್ಟದಾಗಿ ಕಟ್ಟಿ ಹೊರಟಿದ್ದನ್ನು ನೋಡಲಾರದೆ, ಬಕೆಟ್ ಕೆಳಗಿಟ್ಟು, ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟರು. ಯಾರ್ಡಿನ ಮಾಲೀಕ ನೋಡಿದ. ಮರುವಾರದಿಂದ ಬಕೆಟ್ ಬೇರೆಯವರ ಕೈಗೆ ಹೋಯಿತು.

ಕನ್ನಡಿಗರ ಕೂಟಗಳಲ್ಲಿ ಡಾಕ್ಟರುಗಳೂ ಪ್ರೊಫೆಸರುಗಳೂ ಹೆಚ್ಚು. “ತಾವು ಏನ್ ಮಾಡ್ಕೊಂಡಿದೀರಿ?” ಎಂದು ಕೇಳಿದವರಿಗೆ ಇವರು “ಬೈಕ್ ಕಟ್ತೀನಿ” ಎನ್ನುತ್ತಾರೆ. ಕೇಳಿದವರು “ಓ, ವೆರಿ ಗುಡ್” ಎಂದು ಹೇಳಿ ಕೋಸಂಬರಿಯ ಕಡೆ ತಿರುಗುತ್ತಾರೆ. ಇದನ್ನು ನನಗೆ ಅಭಿನಯಿಸಿ ತೋರಿಸಿದ್ದು ಅರುಂಧತಿ. “ನಂಗೇ ಸಿಟ್ಟು ಬರುತ್ತೆ, ಇವರಿಗೆ ಬರಲ್ಲ” ಎಂದರು.

ವರ್ಷಕ್ಕೆ ನೂರೈವತ್ತರ ಹತ್ತಿರ ಬೈಕು. ಒಂದೊಂದಕ್ಕೆ ಮುಕ್ಕಾಲು ಗಂಟೆ. ಈಸ್ಟರಿನಂಥ ದೊಡ್ಡ ರಜೆಯಲ್ಲಿ ದಿನಕ್ಕೆ ಏಳೆಂಟು. ಆದರೆ ಕಟ್ಟುವುದು ಅರ್ಧ ಕೆಲಸ ಮಾತ್ರ. ಕಾರಿನ ಹಿಂದೆ ಇರುವ ಕಬ್ಬಿಣದ ಗುಂಡಿನ ಮೇಲೆ ಕ್ಯಾರವಾನಿನ ಮೂತಿ ಕೂರುತ್ತದೆ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತು ಪಾಲಾದರೂ ಆ ಮೂತಿಯ ಮೇಲೆ ಬೀಳಬೇಕು. ಹಿಂಭಾಗ ಭಾರವಾದರೆ ಮೂತಿ ಹಗುರಾಗುತ್ತದೆ, ಇಳಿಜಾರಿನಲ್ಲಿ ಕ್ಯಾರವಾನ್ ಹಾವಿನ ಹಾಗೆ ಹರಿದಾಡತೊಡಗುತ್ತದೆ. “ಎತ್ತಿನ ಗಾಡಿ ನೋಡಿಲ್ವಾ ಸಾರ್? ಹಿಂದೆ ಜಾಸ್ತಿ ಹೇರಿದ್ರೆ ನೊಗ ಮೇಲೇಳುತ್ತೆ. ಅಷ್ಟೇ ಫಿಸಿಕ್ಸು.”

ತೂಗಲು ಅವರು ಬಳಸುವುದು ಸ್ನಾನದ ಮನೆಯಲ್ಲಿಡುವ ತೂಕದ ಯಂತ್ರ. ಅರುಂಧತಿ ತಮಗೆಂದು ಕೊಂಡು, ಒಂದೇ ವಾರದಲ್ಲಿ ಅದರ ಮೇಲೆ ಮುನಿಸಿಕೊಂಡು ಗಂಡನಿಗೆ ದಾನ ಮಾಡಿದ್ದು. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ, ನಡುವೆ ಇಟ್ಟಿಗೆಗೆ ಹತ್ತಿರವಾಗಿ ಕ್ಯಾರವಾನಿನ ಮೂತಿ. ಮುಳ್ಳು ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ.

1993ರ ಈಸ್ಟರಿನಲ್ಲೂ ಹೀಗೆಯೇ ತೂಗಿ ಲಕ್ಷ್ಮೀಶರನ್ನು ಕಳಿಸಿದ್ದರು. ಸಿಡ್ನಿಯ ಮತ್ತು ಮೆಲ್ಬರ್ನಿನ ಇಪ್ಪತ್ತು ಕನ್ನಡ ಕುಟುಂಬಗಳು ಪ್ರತಿ ಈಸ್ಟರಿಗೆ ನಡುದಾರಿಯಲ್ಲಿ, ಆಲ್ಬರಿ ಊರಿನ ಬಳಿ ನದಿ ದಂಡೆಯಲ್ಲಿ ಕ್ಯಾಂಪ್ ಹಾಕುತ್ತವೆ. ಮೆಲ್ಬರ್ನಿನವರು ದಕ್ಷಿಣದಿಂದ, ಇವರು ಉತ್ತರದಿಂದ. ಆಗ ತ್ರಿವಿಕ್ರಮ ಬೈಕನ್ನು ಕ್ಯಾರವಾನಿನ ಬೆನ್ನಿಗೆ, ಹೊರಗೆ ಕಟ್ಟುತ್ತಿದ್ದರು. ಹಿಂದಿನ ಬೀರುವಿನಲ್ಲಿ ಏನೂ ಇಡಬಾರದು ಎಂದು ಹೇಳಿ, ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇದ್ದರು. ಯಾಸ್ ಊರು ದಾಟಿದ ಮೇಲೆ ಇಳಿಜಾರಿನಲ್ಲಿ ಕ್ಯಾರವಾನ್ ಓಲಾಡಿ, ಕಾರನ್ನೂ ಎಳೆದುಕೊಂಡು ಪಕ್ಕಕ್ಕೆ ಮಗುಚಿತು. ಭಾಗೀರಥಿಯ ಬಲಗೈ ಮುರಿಯಿತು. ಸದ್ಯ, ಜೀವಕ್ಕೇನೂ ಆಗಲಿಲ್ಲ.

ಸ್ಟ್ರ್ಯಾಪ್ ಬಿಚ್ಚಿ ಬೈಕು ಜೋತಾಡಿದ್ದರಿಂದಲೇ ಹೀಗಾಯಿತು ಎಂದು ಲಕ್ಷ್ಮೀಶ ತೀರ್ಮಾನಿಸಿದರು. ಆ ಗಾಬರಿಯಲ್ಲಿ ಅವರು ಹಿಂದೆ ಹೋಗಿ ನೋಡಿದ್ದಿಲ್ಲ. ಎಂಜಿನಿಯರ್ ಹೇಳಿದ ಮೇಲೆ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೂವರೆ ವರ್ಷ ಯಾವ ಕನ್ನಡಿಗರೂ ಯಾರ್ಡಿನ ಕಡೆ ಬರಲಿಲ್ಲ. ಸ್ವಲ್ಪ ಕಾಲ ಬಕೆಟ್ ಮತ್ತೆ ತ್ರಿವಿಕ್ರಮರ ಕೈಗೇ ಬಂತು. ಈಗ ಬೈಕನ್ನು ಬೆನ್ನಿಗೆ ಕಟ್ಟುವುದನ್ನೇ ಬಿಟ್ಟು ಒಳಗೆ ನಿಲ್ಲಿಸುವುದು ಯಾಕೆಂದರೆ, “ಅವತ್ತು ನನ್ನ ಲೆಕ್ಕ ತುಂಬಾ ಟೈಟ್ ಇತ್ತು ಸಾರ್. ಮನುಷ್ಯರು ಮರೀತಾರೆ, ಅದಕ್ಕೂ ಜಾಗ ಬಿಡಬೇಕಿತ್ತು” ಎನ್ನುತ್ತಾರೆ.

ಬೈಕು ಕಟ್ಟಿ ಮುಗಿದಿದೆ. ತ್ರಿವಿಕ್ರಮ ಮೂತಿಯನ್ನು ಹಲಗೆಯ ಮೇಲೆ ಇಳಿಸುತ್ತಾರೆ. ಮುಳ್ಳು ನಲವತ್ತೇಳಕ್ಕೆ ನಿಲ್ಲುತ್ತದೆ. ಸಾವಿರದ ನಾನೂರು ಕಿಲೋ ಕ್ಯಾರವಾನಿಗೆ ಇದು ಸರಿಯಾದ ಲೆಕ್ಕ. “ಹೊರಡಬಹುದು” ಎನ್ನುತ್ತಾರೆ. ಲಕ್ಷ್ಮೀಶ ಕಾರಿನ ಕೀಲಿ ತೆಗೆಯುತ್ತಾರೆ.

ಆಗ ಭಾಗೀರಥಿ ಕಾರಿನ ಡಿಕ್ಕಿ ತೆರೆದು, “ತ್ರಿವಿಕ್ರಮ ಅವರೇ, ಒಂದು ನಿಮಿಷ ಇದನ್ನ ಹಿಡ್ಕೊಳ್ಳಿ” ಎನ್ನುತ್ತಾರೆ. ಇಡ್ಲಿಹಿಟ್ಟು ರುಬ್ಬುವ ವೆಟ್ ಗ್ರೈಂಡರ್, ಕಲ್ಲಿನ ಸಮೇತ. ಜೊತೆಗೆ ಇಪ್ಪತ್ತು ಕಿಲೋ ಅಕ್ಕಿಮೂಟೆ, ಉದ್ದಿನಬೇಳೆಯ ಡಬ್ಬ. ಮೂರನ್ನೂ ಕ್ಯಾರವಾನಿನ ಹಿಂದಿನ ಬೀರುವಿನಲ್ಲಿ ಇಡಿಸುತ್ತಾರೆ. “ಈಗ ತೂಗಿ” ಎನ್ನುತ್ತಾರೆ.

ಮುಳ್ಳು ಮೂವತ್ತೈದಕ್ಕೆ ಇಳಿಯುತ್ತದೆ.

“ಏನೇ ಇದು?” ಎನ್ನುತ್ತಾರೆ ಲಕ್ಷ್ಮೀಶ.

“ಅವತ್ತೂ ಇಷ್ಟೇ ಇಟ್ಟಿದ್ದೆ ರೀ. ಇದೇ ಜಾಗದಲ್ಲಿ. ಇವರು ತೂಗಿ ಆದ್ಮೇಲೆ, ಮನೇಲಿ. ಇಪ್ಪತ್ತು ಫ್ಯಾಮಿಲಿಗೆ ಇಡ್ಲಿ ಮಾಡ್ತೀನಿ ಅಂತ ಒಪ್ಕೊಂಡಿದ್ದೆ. ಮಿಕ್ಸೀಲಿ ರುಬ್ಬಿದ್ರೆ ಕಲ್ಲಾಗುತ್ತೆ ಅಂತ ಆಡ್ಕೋತಾರಲ್ಲ. ನಿಮಗೆ ಹೇಳಿದ್ರೆ ತೂಕದ ಮೇಲೆ ಲೆಕ್ಚರ್ ಕೊಡ್ತಿದ್ರಿ. ಸೀಮೆಸುಣ್ಣ ಒರೆಸಿ ಇಟ್ಟುಬಿಟ್ಟೆ.”

“ಹಳೇ ಗ್ರೈಂಡರ್ ಕೆಟ್ಟೋಯ್ತು ಅಂದಿದ್ಯಲ್ಲೇ?”

“ಕೆಟ್ಟಿದ್ದು ನಾನು.” ಭಾಗೀರಥಿಯ ಕಣ್ಣು ತುಂಬಿದೆ, ದನಿ ಮಾತ್ರ ಗಟ್ಟಿಯಾಗಿದೆ. ಅವರು ತ್ರಿವಿಕ್ರಮರ ಕಡೆ ತಿರುಗುತ್ತಾರೆ. “ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ. ನಿಮ್ಮ ಹೆಸರು ಕೆಡೋದನ್ನ ನೋಡ್ಕೊಂಡು ಅದೇ ಕ್ಯಾಂಪಿನವರ ಮನೇಲಿ ಊಟ ಮಾಡಿದೀನಿ.”

ಲಕ್ಷ್ಮೀಶ ತೂಕದ ಯಂತ್ರವನ್ನೇ ನೋಡುತ್ತಾ ನಿಂತಿದ್ದಾರೆ. ಎಂಜಿನಿಯರಿಗೆ ಮುಳ್ಳಿನ ಭಾಷೆ ಚೆನ್ನಾಗಿ ತಿಳಿಯುತ್ತದೆ. ಅವತ್ತು ಬೈಕೂ ಹಿಂದೆಯೇ ಇತ್ತು ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ. “ಇಪ್ಪತ್ತು ಮನೇಲಿ ಹೇಳಿದೀನಲ್ಲೇ” ಎನ್ನುತ್ತಾರೆ ಕಡೆಗೆ. ಆಮೇಲೆ ತ್ರಿವಿಕ್ರಮರಿಗೆ, “ಐ ಆಮ್ ಸಾರಿ. ನಾನು ಹಿಂದೆ ಹೋಗಿ ನೋಡ್ಲೇ ಇಲ್ಲ” ಎನ್ನುತ್ತಾರೆ.

ತ್ರಿವಿಕ್ರಮ ಗ್ರೈಂಡರನ್ನೂ ಅಕ್ಕಿ, ಬೇಳೆಯನ್ನೂ ಎತ್ತಿ ಮತ್ತೆ ಕಾರಿನ ಡಿಕ್ಕಿಯಲ್ಲಿ ಇಡುತ್ತಾರೆ. “ನಂಗೆ ಅವತ್ತೇ ಗೊತ್ತಿತ್ತು ಮೇಡಂ. ಮಗುಚಿದ ಗಾಡೀನ ಲಾರೀಲಿ ಹಾಕ್ಕೊಂಡು ಈ ಯಾರ್ಡಿಗೇ ತಂದ್ರಲ್ಲ. ಬೀರು ತೆಗೆದ್ರೆ ಒಳಗೆಲ್ಲ ಅಕ್ಕಿ. ಒಡೆದ ಕಲ್ಲನ್ನ ನಾನೇ ಸ್ಕ್ರ್ಯಾಪ್‌ಗೆ ಹಾಕ್ದೆ.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ನಾನು. “ಅವರ ಕೈಗೆ ಪ್ಲಾಸ್ಟರ್ ಹಾಕಿದ್ರು ಸಾರ್. ಅದರ ಮೇಲೆ ಇನ್ನೇನು ಹೇಳೋದು?” ಎನ್ನುತ್ತಾರೆ.

ಭಾಗೀರಥಿ ಕಾರು ಹತ್ತುವ ಮುಂಚೆ ನನ್ನ ಬಳಿ ಬರುತ್ತಾರೆ. “ಬರ್ಕೊಳ್ಳಿ. ನನ್ನ ಹೆಸರೂ ಹಾಕಿ. ನಿಮ್ಮ ಪೇಪರ್ ಊರಿಂದ ಪೋಸ್ಟಲ್ಲಿ ಬರುತ್ತೆ, ಆ ಇಪ್ಪತ್ತು ಮನೇಲೂ ಓದ್ತಾರೆ.” ಕ್ಯಾಂಪಿನಲ್ಲಿ ತಾವೇ ಎಲ್ಲರೆದುರು ಹೇಳುವುದಾಗಿಯೂ ಹೇಳಿ ಹೋಗುತ್ತಾರೆ.

ಕ್ಯಾರವಾನ್ ಗೇಟು ದಾಟಿ ದೊಡ್ಡ ರಸ್ತೆಗೆ ತಿರುಗುತ್ತದೆ. ಮುಂದಿನ ಬೈಕು ಬರಲು ಇನ್ನೂ ಹದಿನೈದು ನಿಮಿಷವಿದೆ. ತ್ರಿವಿಕ್ರಮ ಟೋಪಿ ತೆಗೆದು ಹಲಗೆಯ ಮೇಲೆ ಕೂರುತ್ತಾರೆ, ಫ್ಲಾಸ್ಕಿನಿಂದ ನನಗೂ ಕಾಫಿ ಬಗ್ಗಿಸುತ್ತಾರೆ.

“ನಂಗೆ ಗೊತ್ತಿದ್ರೆ ಸಾಕು ಅಂತ ಮೂರು ವರ್ಷ ನನಗೆ ನಾನೇ ಹೇಳ್ಕೊಂಡೆ ಸಾರ್. ಸಾಕಾಗ್ಲಿಲ್ಲ.”

ಏನು ಬರೆಯಲಿ ಎಂದು ಕೇಳುತ್ತೇನೆ. ಅವರು ಕಾಫಿ ಮುಗಿಸಿ ಲೋಟ ಕೆಳಗಿಡುತ್ತಾರೆ.

“ಗ್ರೈಂಡರ್ ವಿಷಯ ಬಿಟ್ರೂ ಪರವಾಗಿಲ್ಲ. ನನ್ನ ಫೋಟೋನೂ ಬೇಡ. ಅವತ್ತು ಇಲ್ಲಿ ಕ್ರೇನಲ್ಲಿ ಎತ್ತಿ ಇಳಿಸಿದಾಗ ಕ್ಯಾರವಾನ್ ಜಜ್ಜಿ ಹೋಗಿತ್ತು. ಬೈಕು ಮಾತ್ರ ನಾನು ಕಟ್ಟಿದ ಹಾಗೇ ಇತ್ತು, ಆರು ಸ್ಟ್ರ್ಯಾಪೂ. ಅದೊಂದು ಲೈನ್ ಬರೀರಿ.”