ಕೆನ್ನೇರಳೆಯಲ್ಲಿ ಹುಟ್ಟಿದ ಸಿಸಿನ್ನಿಯೋಸ್

ಕಾನ್‌ಸ್ಟಾಂಟಿನೋಪಲಿನ ನಮ್ಮ ಬಣ್ಣಗಾರರ ಕೇರಿಯಲ್ಲಿ ಕೆನ್ನೇರಳೆ ಬಣ್ಣ ತೆಗೆಯಲು ರಾಶಿ ಹಾಕಿದ ಕಡಲ ಬಸವನಹುಳು ಕೊಳೆಯುವ ನಾತಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ. ಮುಚ್ಚಿದವನು ಪರವೂರಿನವನೆಂದೇ ಲೆಕ್ಕ. ಸಿಸಿನ್ನಿಯೋಸನಿಗಂತೂ ಆ ನಾತದಲ್ಲಿ ರಾಜಗಾಂಭೀರ್ಯವೇ ಕಾಣುತ್ತಿತ್ತು. ಅವನ ತಾಯಿ ಅನಸ್ತಾಸೋ ಗಂಡನಿಗೆ ಬುತ್ತಿ ತಂದವಳು, ಬಣ್ಣದ ಮನೆಯಲ್ಲೇ ನೋವು ಕಾಣಿಸಿಕೊಂಡು, ಚಕ್ರವರ್ತಿಗೆಂದು ಒಣಗಿಸಿದ್ದ ಕೆನ್ನೇರಳೆ ರೇಷ್ಮೆಯ ಮೇಲೆ ಇವನನ್ನು ಹೆತ್ತಿದ್ದಳು. ಅಂದಿನಿಂದ ಕೇರಿಗೆಲ್ಲ ಅವನು 'ಪೋರ್ಫಿರೋಗೆನ್ನಿತೋಸ್', ಕೆನ್ನೇರಳೆಯಲ್ಲಿ ಹುಟ್ಟಿದವನು!

ಅರಮನೆಯಲ್ಲಿ ಆ ಬಿರುದು ಅಪ್ಪ ಸಿಂಹಾಸನದ ಮೇಲಿದ್ದಾಗ ಕೆನ್ನೇರಳೆ ಕಲ್ಲಿನ ಕೋಣೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ. ಅಪ್ಪ ಬರಿಯ ಸೇನಾಪತಿಯಾಗಿದ್ದಾಗ ಹುಟ್ಟಿದ ಅಣ್ಣಂದಿರಿಗಿಲ್ಲ.

ಬಣ್ಣದ ಮನೆಯ ಮೇಸ್ತ್ರಿಯಾಗಿದ್ದ ಅಪ್ಪ ತೀರಿಕೊಂಡಾಗ ಸಿಸಿನ್ನಿಯೋಸ್ ಅಣ್ಣ ಬಾರ್ದಾಸನೆದುರು ಎದೆ ಸೆಟೆಸಿ ನಿಂತ.

"ಅಪ್ಪ ಕೂಲಿಯಾಗಿದ್ದಾಗ ಹುಟ್ಟಿದೋನು ನೀನು. ನಾನು ಮೇಸ್ತ್ರಿಗೆ ಹುಟ್ಟಿದೋನು. ಮೇಸ್ತ್ರಿಕೆ ನಂದು!"

"ಇಬ್ಬರಿಗೂ ಅಪ್ಪ ಒಬ್ಬನೇ ಕಣೋ!"

"ಅಪ್ಪ ಒಬ್ಬನೇ, ಹೊತ್ತು ಬೇರೆ. ಅರಮನೆ ವಾಡಿಕೆ ನಿಂಗೇನ್ ಗೊತ್ತು?"

ಈ ತರ್ಕದಲ್ಲಿ ತಪ್ಪೆಲ್ಲಿದೆಯೆಂದು ಕೇರಿಯ ನಮಗ್ಯಾರಿಗೂ ಹೊಳೆಯಲಿಲ್ಲ. ನಮ್ಮದು ಬಣ್ಣ ಹತ್ತಿದ ಕೈ. ತಲೆಗೆ ಅಷ್ಟು ಬೇಗ ಏನೂ ಹತ್ತುವುದಿಲ್ಲ. ಮೇಸ್ತ್ರಿಯನ್ನು ನೇಮಿಸಲು ಬಂದ ಅರಮನೆಯ ಅಧಿಕಾರಿ ಮಾತ್ರ ಬಲು ಕುತೂಹಲದಿಂದ ಕೇಳಿಸಿಕೊಂಡ.

"ನಿನ್ನ ಹೆತ್ತಾಗ ಕೆಳಗೆ ಹಾಸಿದ್ದು ಏನಪ್ಪಾ?"

"ಅರಮನೆ ರೇಷ್ಮೆ, ಸ್ವಾಮಿ! ನಮ್ಮವ್ವನೇ ಸಾಕ್ಷಿ."

"ಓಹೋ. ಆಮೇಲೆ ಆ ರೇಷ್ಮೆ ಏನಾಯ್ತು?"

ಅಪ್ಪ ಅದನ್ನು ತೊಳೆದು, ಇನ್ನೊಮ್ಮೆ ಬಣ್ಣಕ್ಕದ್ದಿ ಅರಮನೆಗೇ ಕಳಿಸಿದ್ದು ಕೇರಿಗೆಲ್ಲ ಗೊತ್ತು. ಕೆನ್ನೇರಳೆಯ ವಿಷಯದಲ್ಲಿ ಅರಮನೆಗೆ ನಗು ಬರುವುದಿಲ್ಲ; ಚಕ್ರವರ್ತಿಯ ರೇಷ್ಮೆ ಕೆಡಿಸಿದವರ ಕೈ ಕಡಿಸುತ್ತಾರೆ. ಅಪ್ಪನೇನೋ ಸತ್ತು ಪಾರಾಗಿದ್ದ. ಮೂಲೆಯಲ್ಲಿದ್ದ ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಸಿಸಿನ್ನಿಯೋಸ್ ಮೇಸ್ತ್ರಿಯ ಪೀಠವನ್ನು ನೋಡಿದ, ಅವ್ವನನ್ನು ನೋಡಿದ.

"ಬಾಯಿ ತಪ್ಪಿ ಬಂತು ಸ್ವಾಮಿ. ನಾನು ಹುಟ್ಟಿದ್ದು ಅಂಗಳದ ಚಿಪ್ಪಿನ ರಾಶಿ ಮೇಲೆ."

"ಮತ್ತೆ ಆ ಬಿರುದು?"

"ಕೇರಿ ಜನಕ್ಕೆ ಬೇರೆ ಕೆಲಸ ಇಲ್ಲ, ಸ್ವಾಮಿ."

ಅಧಿಕಾರಿ ಅನಸ್ತಾಸೋಳತ್ತ ತಿರುಗಿದ. "ನಿಜವೇನಮ್ಮ?"

"ನಿಜ ನನ್ನಪ್ಪಾ. ಬೆನ್ನಿಗೆ ಚುಚ್ಚಿದ್ದು ಚಳಿ ಬಂದರೆ ಈಗಲೂ ನೋಯ್ತದೆ."

ಮೇಸ್ತ್ರಿಕೆ ಬಾರ್ದಾಸನ ಪಾಲಾಯಿತು. ಅಧಿಕಾರಿಯ ಬೆನ್ನು ಮರೆಯಾಗುತ್ತಲೇ ಅವನು ತಮ್ಮನ ಹೆಗಲ ಮೇಲೆ ಕೈಯಿಟ್ಟು, "ನಾಳೆ ಹೊತ್ತಿಗೆ ಮುಂಚೆ ಬಾರೋ, ಹುಳು ಒಡೆಯೋದಿದೆ" ಎಂದ.

ಸಿಸಿನ್ನಿಯೋಸ್ ಮೂಲೆಯಲ್ಲಿದ್ದ ಹುಳು ಒಡೆಯುವ ಸುತ್ತಿಗೆಯನ್ನು ಎತ್ತಿಕೊಂಡ.

"ಬರ್ತೀನಿ," ಎಂದು ಅವ್ವನ ಮುಖ ನೋಡಿ, "ಮೇಸ್ತ್ರೀ" ಎಂದೂ ಸೇರಿಸಿದ.